ಶರ್ಕರಪಿಷ್ಟವೂ ಗೌಟ್ ರೋಗವೂ

ಗೌಟ್ ಎಂಬ ಸಂಧಿವಾತಕ್ಕೆ ಮೂಲವು ರಕ್ತದಲ್ಲಿನ ಯೂರಿಕ್ ಆಮ್ಲ. 100 ಮಿಲಿಲೀಟರ್ ರಕ್ತರಸದಲ್ಲಿ ಅದು ಸುಮಾರು 6.8 ಮಿಲಿಗ್ರಾಂ ಮೀರಿದರೆ, ಗಟ್ಟಿ ಪಾಕದಲ್ಲಿ ಕಲ್ಲುಸಕ್ಕರೆ ಕಟ್ಟುವಂತೆ, ಕೀಲುಗಳಲ್ಲಿ ಸೂಜಿಮೊನೆಯ ಹರಳುಗಳು ಕಟ್ಟಬಹುದು.

ಅನ್ನ, ಮುದ್ದೆ, ಸಕ್ಕರೆ ಮುಂತಾದ ಶರ್ಕರಪಿಷ್ಟಗಳನ್ನು ನಾವು ಒಮ್ಮೆಗೇ ತೊರೆದೆವೆನ್ನೋಣ. ಆಗ ಶರೀರವು ಕೊಬ್ಬನ್ನು ಒಡೆದು ಕೀಟೋನುಗಳೆಂಬ ವಸ್ತುಗಳನ್ನು ಉತ್ಪಾದಿಸುತ್ತದೆ. ಇವು ಹೆಚ್ಚಿದಾಗ ಮೂತ್ರಪಿಂಡಗಳು ಯೂರಿಕ್ ಆಮ್ಲವನ್ನು ಹೊರಹಾಕುವುದು ಕಡಿಮೆಯಾಗುತ್ತದೆ. ಮೊದಲ ಕೆಲವು ವಾರ ನೋವು ಮರುಕಳಿಸುವ ಭಯವುಂಟು.

ಮಿತವಾದ ಪಥ್ಯದ ಫಲ ಬೇರೆ. 2000ದಲ್ಲಿ ಪ್ರಕಟವಾದ ದಕ್ಷಿಣ ಆಫ್ರಿಕದ ಪ್ರಯೋಗವೊಂದರಲ್ಲಿ 13 ರೋಗಿಗಳು 16 ವಾರ ಶರ್ಕರಪಿಷ್ಟವನ್ನೂ ಒಟ್ಟು ಆಹಾರವನ್ನೂ ತಗ್ಗಿಸಿದರು. ತಿಂಗಳಿಗೆ ಸರಾಸರಿ 2.1 ಬಾರಿ ಬರುತ್ತಿದ್ದ ನೋವು 0.6ಕ್ಕೆ ಇಳಿಯಿತು. ಅವರ ತೂಕವೂ ಇಳಿದುದರಿಂದ ಕೀರ್ತಿಯೆಲ್ಲ ಶರ್ಕರಪಿಷ್ಟದ ಮಿತಿಗೇ ಸಲ್ಲದು. ಗೌಟ್ ಉಳ್ಳವರು ವೈದ್ಯರನ್ನು ಕೇಳಿ ಮೆಲ್ಲಗೆ ಹೆಜ್ಜೆಯಿಡುವುದೇ ಲೇಸು.