ಹೆಸರಘಟ್ಟದ ಶೋಭಾ

ಅಮೆರಿಕದ ಒರೆಗಾನ್‌ನಲ್ಲಿ ಫ್ರೆಡ್ ಡಿಫಾರೆಸ್ಟ್ ಬೆಳೆಸಿದ ‘ಆರ್ಗಸ್ ಫೆಸೆಂಟ್’ ಎಂಬ ಎತ್ತರದ ಐರಿಸ್ ತಳಿ 1952ರಲ್ಲಿ ಐರಿಸ್‌ಗೆಂದೇ ಇರುವ ಡೈಕ್ಸ್ ಪದಕ ಗೆದ್ದಿತು. ಬಣ್ಣ ಅಪ್ಪಟ ಕಂದು. ಹೂವಿಗೆ ಇದೂ ಒಂದು ಬಣ್ಣವೇ ಎಂದು ಮೂಗು ಮುರಿಯುವವರಿರಬಹುದು. ಡಿಕಾಕ್ಷನ್ ಬಣ್ಣ ಎಲ್ಲಿ ಕಂಡರೂ ನನಗೆ ಇಷ್ಟವೇ. ಆದರೆ ಈ ಜಾತಿಯ ಐರಿಸ್ ಚೆನ್ನಾಗಿ ಹೂ ಬಿಡಲು ವಾರಗಟ್ಟಲೆ ಕೊರೆಯುವ ಚಳಿ ಬೇಕು. ಅಂಥ ಚಳಿಯಿರುವ ಕಾಶ್ಮೀರದಲ್ಲಿ ಐರಿಸ್ ಗೋರಿಗಳ ಮೇಲೂ ಅರಳುತ್ತದೆ. ನಮ್ಮ ಬೆಂಗಳೂರಿನ ಕತ್ರಿಗುಪ್ಪೆಯ ಡಿಸೆಂಬರ್ ನಮಗೆ ಸ್ವೆಟರ್ ಹಾಕಿಸೀತು, ಅದಕ್ಕೆ ಸಾಲದು.

ಅದರ ದಾಯಾದಿಗೆ ಮಾತ್ರ ನಮ್ಮೂರು ಒಗ್ಗಿದೆ. ಹೂಗುಚ್ಛದ ಅಂಗಡಿಗಳ ಬಕೆಟ್ಟುಗಳಲ್ಲಿ ನೆಟ್ಟಗೆ ನಿಲ್ಲುವ ಗ್ಲಾಡಿಯೋಲಸ್ ಕೂಡ ಐರಿಸ್ ಕುಟುಂಬದ್ದೇ. ಮೂಲ ಹೆಚ್ಚಾಗಿ ದಕ್ಷಿಣ ಆಫ್ರಿಕಾ. ಅದರ ಕೆಲವು ತಳಿಗಳು ಹುಟ್ಟಿದ್ದು ಬೆಂಗಳೂರಿನ ಇನ್ನೊಂದು ತುದಿಯಲ್ಲಿ, 1967ರಲ್ಲಿ ಆರಂಭವಾದ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ.

ಅಲ್ಲಿನ ವಿಜ್ಞಾನಿಗಳು ‘ಫ್ರೆಂಡ್‌ಶಿಪ್’ ಎಂಬ ವಿದೇಶಿ ತಳಿಯನ್ನು ಮತ್ತೆ ಮತ್ತೆ ಬಳಸಿದರು. ‘ಗ್ರೀನ್ ವುಡ್‌ಪೆಕರ್’ ಜೊತೆ ಸೇರಿಸಿದಾಗ ‘ಸಪ್ನಾ’ ಬಂತು. ‘ಬ್ಲ್ಯಾಕ್ ಜ್ಯಾಕ್’ ಜೊತೆ ‘ನಜ್ರಾನಾ’, ‘ಅಪ್ಸರಾ’. ಇದು ತಾಳ್ಮೆಯ ಕೆಲಸ. ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸಿ, ಬೀಜ ಬಿತ್ತಿ, ಆ ಸಸಿ ಗಡ್ಡೆ ಕಟ್ಟಿ ಹೂ ಬಿಡುವ ತನಕ ವರ್ಷಗಟ್ಟಲೆ ಕಾಯಬೇಕು. ಬಂದ ಸಸಿಗಳಲ್ಲಿ ಬಹುಪಾಲು ತಿಪ್ಪೆಗೆ.

‘ಶೋಭಾ’ ಹುಟ್ಟಿದ ದಾರಿಯೇ ಬೇರೆ. ‘ವೈಲ್ಡ್ ರೋಸ್’ ತಳಿಯ ಗಡ್ಡೆಗಳಿಗೆ ಗಾಮಾ ಕಿರಣ ಹಾಯಿಸಿ ನೆಟ್ಟರು. ಕಿರಣ ವಂಶವಾಹಿಯನ್ನು ಎಲ್ಲಿ ಕೆಡಿಸುತ್ತದೋ ಯಾರೂ ಮೊದಲೇ ಹೇಳಲಾಗದು. ಸಾಮಾನ್ಯವಾಗಿ ಗಿಡ ಸೊರಗುವುದೇ ಹೆಚ್ಚು. ಇಲ್ಲಿ ಮಾತ್ರ ತಿಳಿಗುಲಾಬಿ ಹೂ ಬಿಟ್ಟ, ಗಂಟಲಲ್ಲಿ ಹಳದಿಯ ಛಾಯೆಯಿದ್ದ ಗಿಡವೊಂದು ಸಿಕ್ಕಿತು. ಬೀಜದಿಂದ ಬೆಳೆಸಿದ್ದರೆ ಆ ಬಣ್ಣ ಚದುರಿಹೋಗುತ್ತಿತ್ತು. ಗಡ್ಡೆಯ ಸುತ್ತ ಮೂಡುವ ಮರಿಗಡ್ಡೆಗಳಿಂದ ಬೆಳೆಸಿದ್ದಕ್ಕೇ ‘ಶೋಭಾ’ ‘ಶೋಭಾ’ ಆಗಿಯೇ ಉಳಿಯಿತು.

ಒರೆಗಾನ್‌ನವರು ಹೂವಿನ ಜೊತೆ ಹೆಸರನ್ನೂ ಮಾರಿದರು. ನಾವು ಗ್ಲಾಡಿಯೋಲಸ್ ಅನ್ನು ಬಣ್ಣ ತೋರಿಸಿ ಕಡ್ಡಿ ಲೆಕ್ಕದಲ್ಲಿ ಕೊಳ್ಳುತ್ತೇವೆ, ಇದು ನಮ್ಮದೇ ದಡ್ಡತನ. ಮನೆಯಲ್ಲಿ ಬೆಳೆಸುವ ಮನಸ್ಸಿದ್ದರೆ ತಳಿಯ ಹೆಸರು ಕೇಳಿಯೇ ಗಡ್ಡೆ ತನ್ನಿ. ಹೂವು ಮುಗಿದೊಡನೆ ಗಿಡ ಕೀಳಬೇಡಿ. ಎಲೆ ಹಳದಿಯಾದ ಮೇಲೆ ಗಡ್ಡೆ ತೆಗೆದು, ನೆರಳಲ್ಲಿ ಒಣಗಿಸಿ, ಎರಡು ಮೂರು ತಿಂಗಳು ತಂಪು ಜಾಗದಲ್ಲಿಟ್ಟು ಮತ್ತೆ ನೆಡಿ.