ಸಮುದ್ರದ ಏರಿಕೆಯೂ ಪ್ರಮಾಣವಿಚಾರವೂ

ಭೂಮಂಡಲದ ಉಷ್ಣತೆಯು ಹೆಚ್ಚುತ್ತಲಿದೆ, ಅದರಿಂದ ಸಮುದ್ರದ ಮಟ್ಟವು ಏರುತ್ತಲಿದೆ ಎಂಬ ಮಾತನ್ನು ಕುರಿತು ವಿದ್ವಾಂಸರಲ್ಲಿಯೂ ವಾದವು ನಡೆಯುತ್ತಿರುವುದಷ್ಟೆ. ಕೆಲವರು ಪರಶುರಾಮನಿಗೆ ಕಡಲು ನೆಲವನ್ನು ಬಿಟ್ಟುಕೊಟ್ಟಿತೆಂಬ ನಮ್ಮ ಕರಾವಳಿಯ ಐತಿಹ್ಯವನ್ನೂ, ದ್ವಾರಕೆಯು ಮುಳುಗಿತೆಂಬ ಭಾರತಕಥೆಯನ್ನೂ ಮುಂದಿಟ್ಟು, ಸಮುದ್ರಕ್ಕೆ ಏರಿಳಿತವು ಸ್ವಭಾವಸಿದ್ಧವೆನ್ನುವರು. ಆದರೆ ಕಡಲು ಎಷ್ಟು ವರ್ಷಗಳಲ್ಲಿ ಎಷ್ಟು ಅಂಗುಲ ಏರಿತೆಂಬುದನ್ನು ಈ ಕಥೆಗಳು ಹೇಳಹೊರಟವುಗಳಲ್ಲ. ಆದುದರಿಂದ ಇವು ಪಕ್ಷಕ್ಕೂ ಪ್ರತಿಪಕ್ಷಕ್ಕೂ ಸಾಧಕಗಳಾಗಲಾರವು. ಪ್ರಕೃತದಲ್ಲಿ ಅಳತೆಯೇ ಪ್ರತ್ಯಕ್ಷ. ಅದರ ಮೇಲೆ ನಿಂತ ಯುಕ್ತಿಯೇ ಅನುಮಾನ. ಇವೆರಡನ್ನೂ ನ್ಯಾಯಶಾಸ್ತ್ರದ ರೀತಿಯಿಂದ ಪರೀಕ್ಷಿಸುವುದೇ ಈ ಲೇಖನದ ಉದ್ದೇಶ.

ಮೊದಲನೆಯ ಪೂರ್ವಪಕ್ಷವಿದು: ಸ್ವೀಡನ್ ದೇಶದ ಸ್ಟಾಕ್‌ಹೋಮಿನಲ್ಲಿ 1774ರಿಂದ ಸಮುದ್ರಮಟ್ಟವನ್ನು ಅಳೆದಿಟ್ಟಿದ್ದಾರೆ, ಅಲ್ಲಿ ನೀರು ಏರದೆ ಇಳಿಯುತ್ತ ಬಂದಿದೆ. ಹೀಗಿರಲು ಏರಿಕೆಯೆಂಬುದಕ್ಕೆ ವ್ಯಭಿಚಾರ ಬಾರದೆ? ಬಾರದು. ಪ್ರಾಚೀನ ಹಿಮಯುಗದಲ್ಲಿ ಮಂಜುಗಡ್ಡೆಯ ಭಾರದಿಂದ ಕುಗ್ಗಿದ್ದ ಆ ನೆಲವು, ಭಾರವು ಕರಗಿದ ಬಳಿಕ ಇಂದಿಗೂ ಮೇಲೇಳುತ್ತಿದೆ. ಅಳತೆಗೋಲನ್ನು ನೆಟ್ಟ ನೆಲವೇ ಏಳುತ್ತಿರಲು ನೀರು ಇಳಿದಂತೆ ತೋರುವುದು ಸಹಜ. ನೆಲವು ಕುಸಿಯುವೆಡೆಗಳಲ್ಲಿ ಇದಕ್ಕೆ ವಿಪರೀತವಾದ ಭ್ರಮೆಯುಂಟಾಗುವುದು. ಆದುದರಿಂದ ಒಂದೇ ಬಂದರಿನ ಸಾಕ್ಷ್ಯದಿಂದ ಏರಿಕೆಯನ್ನು ಸಾಧಿಸುವುದೂ ನಿರಾಕರಿಸುವುದೂ ಸಮಾನವಾಗಿ ದುಷ್ಟ. 1878ರಿಂದ ಅಳತೆ ನಡೆದಿರುವ ಮುಂಬಯಿಯೇ ಮೊದಲಾದ ಅನೇಕ ಬಂದರುಗಳ ಲೆಕ್ಕವನ್ನು ನೆಲದ ಚಲನೆಯನ್ನು ಕಳೆದು ಕೂಡಿಸಿದಾಗ, 1901ರಿಂದ 2018ರವರೆಗೆ ಸಮುದ್ರವು ಸುಮಾರು 20 ಸೆಂಟಿಮೀಟರ್ ಏರಿರುವುದು ತಿಳಿಯುತ್ತದೆ. 1993ರಿಂದ ಕೃತಕ ಉಪಗ್ರಹಗಳು ದಡದ ನೆಲವನ್ನು ಆಶ್ರಯಿಸದೆಯೇ ಅಳೆಯುತ್ತಿವೆ. ಅವುಗಳ ಸಾಕ್ಷ್ಯವೂ ಏರಿಕೆಯನ್ನೇ ಹೇಳುತ್ತದೆ. 1971ಕ್ಕೆ ಮುಂಚಿನ ಏಳು ದಶಕಗಳಲ್ಲಿ ವರ್ಷಕ್ಕೆ 1.3 ಮಿಲಿಮೀಟರಿನಷ್ಟಿದ್ದ ವೇಗವು 2006ರಿಂದ 2018ರ ಅವಧಿಯಲ್ಲಿ 3.7ಕ್ಕೆ ಮುಟ್ಟಿತು.

ಎರಡನೆಯ ಪೂರ್ವಪಕ್ಷ: ಸುಮಾರು 20,000 ವರ್ಷಗಳ ಹಿಂದೆ ಸಮುದ್ರವು ಈಗಿನದಕ್ಕಿಂತ 120 ಮೀಟರಿನಷ್ಟು ಕೆಳಗಿದ್ದಿತು, ಮನುಷ್ಯರ ಕೈವಾಡವಿಲ್ಲದೆ ಆಗ ಏರಿದುದು ಈಗಲೂ ಹಾಗೆಯೇ ಏರಬಾರದೇಕೆ? ಇದು ಹೇತ್ವಾಭಾಸ. ಹಿಂದೊಮ್ಮೆ ಸಿಡಿಲಿನಿಂದ ಕಾಡು ಉರಿಯಿತೆಂಬ ಮಾತ್ರಕ್ಕೆ ಇಂದಿನ ಕಿಚ್ಚನ್ನು ಯಾರೂ ಹಚ್ಚಲಿಲ್ಲವೆಂದು ಸಿದ್ಧಿಸದು. ಈಗಿನ ಕಾರಣವನ್ನು ಈಗಿನ ಲಕ್ಷಣಗಳಿಂದಲೇ ಹುಡುಕಬೇಕು. ಸೂರ್ಯನ ತಾಪವೇ ಹೆಚ್ಚಿದ್ದರೆ ವಾಯುಮಂಡಲದ ಮೇಲಣ ಸ್ತರವೂ ಕಾಯಬೇಕಿತ್ತು. ಅದಾದರೋ ತಣಿಯುತ್ತಿದೆ, ಕೆಳಗಿನದು ಕಾಯುತ್ತಿದೆ. ಇಂಗಾಲಾಮ್ಲವಾಯುವು ಹೆಚ್ಚಿದರೆ ಆಗತಕ್ಕದ್ದು ಇದೇ. ಹವಾಯಿಯ ಮೌನಾ ಲೋವಾ ಪರ್ವತದಲ್ಲಿ 1958ರಲ್ಲಿ ಅಳತೆ ತೊಡಗಿದಾಗ ಈ ವಾಯುವು ಹತ್ತು ಲಕ್ಷದಲ್ಲಿ ಸುಮಾರು 315 ಭಾಗವಿದ್ದಿತು; ಈಗ 420ನ್ನು ಮೀರಿದೆ. ಕಲ್ಲಿದ್ದಲು, ಎಣ್ಣೆಗಳನ್ನು ಉರಿಸಿದುದೇ ಇದಕ್ಕೆ ಮುಖ್ಯ ಕಾರಣ. ತಾಪದಿಂದ ಕಡಲ ನೀರು ಹಿಗ್ಗುತ್ತದೆ. ನೆಲದ ಮೇಲಣ ಹಿಮವು ಕರಗಿ ಕಡಲನ್ನು ಸೇರುತ್ತದೆ. ಈ ಎರಡು ಕಾರಣಗಳನ್ನು ಬೇರೆಬೇರೆ ಉಪಕರಣಗಳಿಂದ ಅಳೆದು ಕೂಡಿಸಿದರೆ, ಕಂಡ ಏರಿಕೆಯೊಡನೆ ಬಹುಮಟ್ಟಿಗೆ ಹೊಂದುತ್ತದೆ. ಪರಸ್ಪರ ಸಂಬಂಧವಿಲ್ಲದ ಸಾಕ್ಷಿಗಳ ಈ ಸಂವಾದವೇ ಸಿದ್ಧಾಂತಕ್ಕೆ ಬಲ.

ಇನ್ನು, ಶತಮಾನದ ಅಂತ್ಯಕ್ಕೆ ಏರಿಕೆಯು ಅರ್ಧ ಮೀಟರೋ ಒಂದು ಮೀಟರೋ ಎಂದು ತಜ್ಞರೇ ನಿಶ್ಚಯಿಸಲಾರರಲ್ಲ ಎಂಬುದು ಕಡೆಯ ಆಕ್ಷೇಪ. ಸಂಶಯವು ವಿಶೇಷದಲ್ಲಿದೆಯೇ ಹೊರತು ಸಾಮಾನ್ಯದಲ್ಲಿಲ್ಲ. ಮಬ್ಬಿನಲ್ಲಿ ಕಂಡುದು ಮೋಟುಮರವೋ ಮನುಷ್ಯನೋ ಎಂದು ಶಂಕಿಸುವವನು, ಎದುರಿಗೆ ಏನೂ ಇಲ್ಲವೆನ್ನುವುದಿಲ್ಲ. ಈ ಸಂಶಯದ ಬಹುಭಾಗವು ಮುಂದೆ ನಾವು ಎಷ್ಟು ಉರಿಸುವೆವೆಂಬುದನ್ನೇ ಅವಲಂಬಿಸಿದೆ. ಎಂದರೆ ಅದರ ನಿವಾರಣವು ನಮ್ಮ ಕೈಯಲ್ಲಿಯೂ ಇದೆ. ವಾದದಲ್ಲಿ ಗೆಲ್ಲುವ ಜಲ್ಪವು ಬೇರೆ, ತತ್ತ್ವವನ್ನರಸುವ ವಾದವು ಬೇರೆ. ದಡದಲ್ಲಿ ಬಾಳುವವರ ಮನೆಮಾರುಗಳು ಯಾವುದನ್ನು ಅವಲಂಬಿಸಿವೆಯೋ ಆ ವಿಷಯದಲ್ಲಿ ನಾವು ಜಲ್ಪವನ್ನು ಬಿಟ್ಟು ವಾದವನ್ನೇ ಹಿಡಿಯತಕ್ಕದ್ದು. ವಿದ್ಯಾರ್ಥಿಗಳಿಗೂ ಅದನ್ನೇ ಕಲಿಸತಕ್ಕದ್ದೆಂದು ವಿದ್ವಾಂಸರಲ್ಲಿ ವಿಜ್ಞಾಪನೆ.