ಕಾಲುವೆ ನೀರು ಯಾರಿಗೆ ಎಷ್ಟು? ಲೆಕ್ಕ ಹೇಳುತ್ತೆ, ಆದರೆ ಗುರಿ ಯಾರದ್ದು?

ಇವತ್ತಿನ ಸಂಚಿಕೆಯಲ್ಲಿ ಒಂದು ಲೆಕ್ಕದ ಕಥೆ ಹೇಳ್ತೀವಿ. ಇಯರ್‌ಫೋನ್ ಹಾಕ್ಕೊಳ್ಳಿ.

ಹೊಸಪೇಟೆ ಹತ್ತಿರದ ತುಂಗಭದ್ರಾ ಜಲಾಶಯದಿಂದ ಹೊರಡುವ ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು ದಾಟಿ ಮಾನ್ವಿ, ರಾಯಚೂರಿನ ಕಡೆ ಬರುತ್ತೆ. ಮೇಲ್ಭಾಗದಲ್ಲಿ ಹಸಿರು ಭತ್ತ. ಕೊನೆ ಭಾಗದಲ್ಲಿ ಎಷ್ಟೋ ಸಲ ಒಣ ಕಾಲುವೆ. ಜಲಾಶಯದ ಮೂಲ ಸಾಮರ್ಥ್ಯ 133 ಟಿಎಂಸಿ. ಹೂಳು ತುಂಬಿ ಈಗ ಉಳಿದಿರೋದು ಸುಮಾರು 105. ಅಂದ್ರೆ ಹಂಚೋಕೆ ಇರೋ ನೀರೇ ಕಡಿಮೆ ಆಗಿದೆ.

ಇಂಥ ಹಂಚಿಕೆಗೆ ಒಂದು ಶಾಸ್ತ್ರ ಇದೆ: ಆಪರೇಷನ್ಸ್ ರಿಸರ್ಚ್. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್‌ನಲ್ಲಿ ಬೆಳೆದ ವಿದ್ಯೆ ಇದು. ಇದಕ್ಕೆ ಮೂರು ವಿಷಯ ಹೇಳಬೇಕು. ನಮ್ಮ ಗುರಿ ಏನು? ಕೈಯಲ್ಲಿ ಇರೋದೆಷ್ಟು? ಯಾವ ಷರತ್ತು ಮೀರಬಾರದು? ಆಮೇಲೆ ಗಣಿತ ಸಾವಿರಾರು ದಾರಿಗಳನ್ನು ತೂಗಿ ಒಳ್ಳೆಯದನ್ನು ಹುಡುಕಿ ಕೊಡುತ್ತೆ.

ಇದು ಬರೀ ಪುಸ್ತಕದ ಮಾತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ವೆದುಲ ಮತ್ತು ಪ್ರದೀಪ್ ಮುಜುಂದಾರ್ ನಮ್ಮ ಮಲಪ್ರಭಾ ಜಲಾಶಯಕ್ಕೇ ಇಂಥ ಲೆಕ್ಕ ಹಾಕಿ 1992ರಲ್ಲಿ ಪ್ರಕಟಿಸಿದರು. ಜಲಾಶಯದಲ್ಲಿ ಎಷ್ಟಿದೆ, ಒಳಹರಿವು ಎಷ್ಟು, ಹೊಲದ ಮಣ್ಣಲ್ಲಿ ತೇವ ಎಷ್ಟು ಅನ್ನೋದನ್ನು ಒಟ್ಟಿಗೆ ನೋಡಿ, ನೀರು ಸಾಲದಾಗ ಯಾವ ಬೆಳೆಗೆ ಎಷ್ಟು ಕೊಡಬೇಕು ಅಂತ ತೋರಿಸಿದರು.

ಹಾಗಾದ್ರೆ ಕಂಪ್ಯೂಟರ್‌ಗೆ ಬಿಟ್ಟುಬಿಡೋಣ್ವಾ? ತಡೀರಿ.

ಒಂದು ಉದಾಹರಣೆ. 100 ಪಾಲು ನೀರು ಬಿಟ್ಟರೆ, ಇಂಗಿ ಆವಿಯಾಗಿ ಕೊನೆಗೆ 60 ಪಾಲು ಮುಟ್ಟುತ್ತೆ ಅಂತ ಇಟ್ಟುಕೊಳ್ಳಿ. ‘ಒಟ್ಟು ಇಳುವರಿ ಹೆಚ್ಚಲಿ’ ಅನ್ನೋದೊಂದೇ ಗುರಿ ಕೊಟ್ಟರೆ, ಲೆಕ್ಕ ಏನನ್ನುತ್ತೆ ಗೊತ್ತಾ? ನೀರನ್ನೆಲ್ಲ ಮೇಲ್ಭಾಗಕ್ಕೇ ಕೊಡಿ, ದಾರಿಯಲ್ಲಿ ಯಾಕೆ ಕಳೀತೀರಿ ಅನ್ನುತ್ತೆ! ಲೆಕ್ಕ ತಪ್ಪಿಲ್ಲ. ಆದರೆ ಮಾನ್ವಿಯ ರೈತನಿಗೆ ಸೊನ್ನೆ.

ಈಗ ಒಂದು ಷರತ್ತು ಸೇರಿಸಿ: ಕುಡಿಯುವ ನೀರು ಮೊದಲು, ಪ್ರತಿ ವಿತರಣಾ ಕಾಲುವೆಗೂ ಕನಿಷ್ಠ ಇಷ್ಟು ಪಾಲು, ಉಳಿದದ್ದರಲ್ಲಿ ಇಳುವರಿ. ಉತ್ತರವೇ ಬದಲಾಗುತ್ತೆ. ಮೇಲ್ಭಾಗದಲ್ಲಿ ಭತ್ತ ಸ್ವಲ್ಪ ಕಡಿಮೆ ಮಾಡಿ, ನೀರು ಕಡಿಮೆ ಬೇಡುವ ಜೋಳ, ಕಡಲೆ ಹಾಕಿ ಅನ್ನಬಹುದು. ಅದರಿಂದ ಯಾರಿಗೆ ಎಷ್ಟು ನಷ್ಟ ಅನ್ನೋದನ್ನೂ ಅದೇ ಲೆಕ್ಕ ಮುಚ್ಚಿಡದೆ ಹೇಳುತ್ತೆ. ಪರಿಹಾರದ ಮಾತು ಅಲ್ಲಿಂದ ಶುರುವಾಗಬೇಕು.

ದೇವದುರ್ಗದ ಕಡೆ ನೀರು ಬರೋದು ಕೃಷ್ಣೆಯಿಂದ, ನಾರಾಯಣಪುರ ಬಲದಂಡೆ ಕಾಲುವೆಯಲ್ಲಿ. ನದಿ ಬೇರೆ, ಪ್ರಶ್ನೆ ಅದೇ.

ಗಣಿತ ದಾರಿ ಹುಡುಕುತ್ತೆ, ಎಲ್ಲಿಗೆ ಹೋಗಬೇಕು ಅಂತ ಹೇಳಬೇಕಾದವರು ನಾವು. ಮುಂದಿನ ಸಲ ನೀರಾವರಿ ಸಲಹಾ ಸಮಿತಿ ಸಭೆಯ ಸುದ್ದಿ ಮೊಬೈಲ್‌ನಲ್ಲಿ ಬಂದಾಗ, ಎಷ್ಟು ಕ್ಯುಸೆಕ್ ಬಿಟ್ಟರು ಅಂತ ಮಾತ್ರ ನೋಡಬೇಡಿ. ಕೊನೆ ಭಾಗಕ್ಕೆ ಕನಿಷ್ಠ ಎಷ್ಟು ಅಂತ ಬರೆದಿದ್ದಾರಾ, ಅದನ್ನು ಕೇಳಿ.